ಮುನ್ನೂರ ನಲವತ್ತೆಂಟು

ಹದಿಮೂರನೆಯ ಹಲಸಿನ ಸೊಳೆ ಕುಷ್ಟನ ಬಾಯಿ ಸೇರಿದಾಗ ಚಂದ್ರ ಎಣಿಸುವುದನ್ನು ನಿಲ್ಲಿಸಿದ. ತುಟಿ ಆಡಿಸುವುದನ್ನು ಮಾತ್ರ ನಿಲ್ಲಿಸಿದ ಎಂದರೆ ಸರಿಯಾದೀತು. ಲೆಕ್ಕ ಒಳಗೆ ತಾನಾಗಿ ಹದಿನಾಲ್ಕು, ಹದಿನೈದು ಎಂದು ಸಾಗುತ್ತಲೇ ಇತ್ತು.

ಕಿರಿಮಂಜೇಶ್ವರದ ಕಡಲ ಬದಿಯ ಬಲೆ ಚಪ್ಪರದಲ್ಲಿ ಅವರಿಬ್ಬರೇ ಇದ್ದರು. ಜೂನ್ ತಿಂಗಳ ಎರಡನೆಯ ವಾರ. ದೋಣಿಗಳು ದಡಕ್ಕೆ ಬಂದು ತೆಂಗಿನ ಮಡಲು ಹೊದ್ದು ಮಲಗಿದ್ದವು. ಕಡಲು ಒಮ್ಮೆ ಕೆರಳಿ ತಣಿದ ಮೇಲೆ ನಾಡದೋಣಿಗಳು ಮೀನಿನ ಹಿಂಡನ್ನು ಸುತ್ತುವ ಮಾಟುಬಲೆ ಹೊತ್ತು ಇಳಿಯಬೇಕು. ಅಷ್ಟರೊಳಗೆ ನಾನೂರು ಮಾರು ಬಲೆಯ ಹರಕು ಮುಗಿಯಬೇಕು. ಬಲೆಯ ರಾಶಿಯ ಈ ಬದಿಗೆ ಚಂದ್ರ, ಆ ಬದಿಗೆ ಅವನ ತಂಗಿ ವನಜಳ ಗಂಡ ಕುಷ್ಟ. ನಡುವೆ ಸಿಮೆಂಟು ಚೀಲದ ಮೇಲೆ ಬಿಡಿಸಿಟ್ಟ ಬಕ್ಕೆ ಹಲಸಿನ ಹಣ್ಣು.

ಹಣ್ಣು ಕೊಯ್ದವನು ಕುಷ್ಟ. ಗೆರಟೆಯಲ್ಲಿದ್ದ ತೆಂಗಿನೆಣ್ಣೆಯನ್ನು ಕತ್ತಿಗೂ ಎರಡೂ ಕೈಗೂ ಬಳಿದುಕೊಂಡು ಕೂತಿದ್ದ. ಹಲಸಿನ ಮೇಣ ಹಿಡಿದ ಕೈಗೆ ನೀರು ತಾಗಿಸುವ ಕ್ರಮ ಆ ಕಡೆ ಇಲ್ಲ. ನೀರು ತಾಗಿದರೆ ಮೇಣ ಗಟ್ಟಿಯಾಗಿ ಎರಡು ದಿನ ಚರ್ಮ ಬಿಡುವುದಿಲ್ಲ. ತಿಂದು ಮುಗಿದ ಮೇಲೆ ಹಳೆಯ ಬಟ್ಟೆಯಲ್ಲಿ ಒರೆಸಿಕೊಂಡರೆ ಆಯಿತು; ಕೈ ಎಣ್ಣೆಯಲ್ಲಿ ಮಿರುಗುತ್ತ ಸಂಜೆಯವರೆಗೆ ಹಾಗೇ ಇರುತ್ತದೆ.

"ಒಂದ್ ಸೊಳಿ ತಕಣಿ ಭಾವ," ಎಂದ ಕುಷ್ಟ. "ಒಂದ್ರಂಗೆ ಎಂತ ಆತ್ತ್? ಸಕ್ರಿ ನಿಮ್ಮನ್ನೇ ಕಾಯ್ಕಂಡ್ ಕೂಕಂಡಿತ್ತಾ?"

"ನೀನ್ ತಿನ್ನ್. ಹದ್ನೈದ್ ಆಯ್ತ್."

"ನಾ ತಿಂಬುದ್ ಲೆಕ್ಕ ಮಾಡ್ತ್ರಿಯಾ? ಬಲಿ ಕಣ್ಣ್ ಲೆಕ್ಕ ಮಾಡಿ ಮರ್ರೆ. ಅಲ್ಲಿ ಎರ್ಡ್ ಬಿಟ್ರಿ ಕಾಣಿ."

ಎರಡು ಕಣ್ಣು ತಪ್ಪಿದ್ದು ನಿಜವಾಗಿತ್ತು. ಬೆರಳಾಡಿಸಿ ನೋಡಿದಾಗಲೇ ಚಂದ್ರನಿಗೆ ಅದು ಗೊತ್ತಾದದ್ದು. ಮೂರು ಮಾರು ಆಚೆ ಕುಳಿತು, ಬಾಯಿ ತುಂಬ ಹಣ್ಣಿಟ್ಟುಕೊಂಡು, ಒಮ್ಮೆ ತಲೆಯೆತ್ತಿದವನಿಗೆ ಕಂಡಿತ್ತು.

ಚಂದ್ರನಿಗೆ ಅರುವತ್ತೆರಡು ವರ್ಷ, ಕುಷ್ಟನಿಗೆ ಐವತ್ತೆಂಟು. ಚಂದ್ರ ಇಪ್ಪತ್ತೆರಡು ವರ್ಷ ಮೂವತ್ತೆಂಟು ಜನರ ಮಾಟುಬಲೆಗೆ ತಾಂಡೇಲನಾಗಿದ್ದ. ದೋಣಿಯ ಮೂತಿಯಲ್ಲಿ ನಿಂತು ನೀರಿನ ಬಣ್ಣ ನೋಡುವವನು ತಾಂಡೇಲ. ಮೀನಿನ ಹಿಂಡು ಅಡಿಯಲ್ಲಿ ಹಾದರೆ ಮೇಲಿನ ನೀರು ಹತ್ತರಲ್ಲಿ ಒಂದು ಪಾಲು ಕಪ್ಪಾಗುತ್ತದೆ. ಆ ಒಂದು ಪಾಲು ಅವನಿಗೆ ಕಾಣಬೇಕು. ಅವನು ಕೈ ಎತ್ತಿದರೆ ಬಲೆ ಬೀಳುತ್ತದೆ, ಇಳಿಸಿದರೆ ನಿಲ್ಲುತ್ತದೆ. ಹದಿನಾರು ವರ್ಷದ ಸಕ್ಕರೆ ಕಾಯಿಲೆ ಚಂದ್ರನ ಕಣ್ಣಿಗೆ ಮಬ್ಬು ತಂದಿತು. ಹತ್ತಿರದ್ದು ಕಾಣುತ್ತಿತ್ತು, ದೂರದ್ದು ಕರಗುತ್ತಿತ್ತು. ಮೂರು ವರ್ಷದ ಹಿಂದೆ ಒಂದು ದಿನ ಆತ ಕೈ ಎತ್ತಿದಲ್ಲಿ ಬರೇ ಮೋಡದ ನೆರಳಿತ್ತು. ನಾನೂರು ಮಾರು ಬಲೆ ಖಾಲಿ ನೀರನ್ನು ಸುತ್ತಿ ಬಂತು. ಯಾರೂ ಏನೂ ಅನ್ನಲಿಲ್ಲ. ಮರುದಿನ ದೋಣಿಯ ಮೂತಿಯಲ್ಲಿ ಕುಷ್ಟ ನಿಂತಿದ್ದ. ಅವನಿಗೆ ನೀರು ಓದಲು ಕಲಿಸಿದವನು ಚಂದ್ರನೇ.

ಕಳೆದ ಚಳಿಗಾಲದಲ್ಲಿ ಮಾತ್ರೆ ಸಾಲದೆ ಇನ್ಸುಲಿನ್ ಚುಚ್ಚು ಶುರುವಾದಾಗ, ಊರ ಉಪಕೇಂದ್ರದ ನರ್ಸ್ ಶ್ರೀಲತಾ ಒಂದು ಹಾಳೆಯಲ್ಲಿ ಚಿತ್ರ ಬರೆದು ವಿವರಿಸಿದ್ದಳು. ಶಿರೂರಿನವಳು, ಮೀನುಗಾರರ ಮನೆಯ ಮಗಳು, ತಾಳ್ಮೆಯಿಂದ ಹೇಳುತ್ತಾಳೆ. ಹೊಟ್ಟೆಯ ಹಿಂದೆ ಒಂದು ಗೇಣಿನ ಗ್ರಂಥಿ ಇದೆ. ಅದರೊಳಗೆ ಅಲ್ಲಲ್ಲಿ ಹೊಳೆಯ ನಡುವಿನ ಕುದ್ರುಗಳ ಹಾಗೆ ಜೀವಕೋಶಗಳ ಗುಂಪುಗಳಿವೆ. ಉಂಡ ಅನ್ನ ಸಕ್ಕರೆಯಾಗಿ ರಕ್ತ ಸೇರಿದ ಕೂಡಲೇ ಅದು ಆ ಕೋಶದೊಳಗೆ ನುಗ್ಗುತ್ತದೆ. ಒಳಗೆ ಉರಿದು ಬಲವಾಗುತ್ತದೆ. ಆ ಬಲಕ್ಕೆ ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ; ಅದು ಮುಚ್ಚಿದ್ದರಿಂದ ಇನ್ನೊಂದು ಬಾಗಿಲು ತೆರೆದು ಸುಣ್ಣದ ಅಂಶ ಒಳಗೆ ಹರಿಯುತ್ತದೆ; ಹರಿದದ್ದೇ ತಡ, ಗೋಡೆಗೆ ತಾಗಿಸಿ ಕಟ್ಟಿಟ್ಟ ಇನ್ಸುಲಿನ್ನಿನ ಪುಟ್ಟ ಪುಟ್ಟ ಗಂಟುಗಳು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಮೊದಲ ಹತ್ತು ನಿಮಿಷಕ್ಕೆ ಸಿದ್ಧವಿಟ್ಟದ್ದು, ಆಮೇಲಿನ ಎರಡು ತಾಸಿಗೆ ಆಗಷ್ಟೇ ಮಾಡಿದ್ದು. ಸಕ್ಕರೆ ಇಳಿದರೆ ಮೊದಲ ಬಾಗಿಲು ತಿರುಗಿ ತೆರೆಯುತ್ತದೆ, ಬಿಡುವುದು ನಿಲ್ಲುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಯಾರ್ ಹೇಳುದ್ ಅದಕ್ಕೆ, ಈಗ ಬಿಡ್, ಈಗ ನಿಲ್ಲ್ಸ್ ಅಂದ್?" ಎಂದು ಚಂದ್ರ ಕೇಳಿದ್ದ.

"ಯಾರೂ ಹೇಳುದ್ ಬ್ಯಾಡ ಚಂದ್ರಣ್ಣ. ಸಕ್ರಿಯನ್ನ್ ಅದೇ ಕಾಂತ್, ಅದೇ ಬಿಡತ್ತ್."

ಮನೆಗೆ ನಡೆದು ಬರುವಷ್ಟರಲ್ಲಿ ಚಂದ್ರನಿಗೆ ಅದು ತನ್ನ ಭಾಷೆಯಲ್ಲಿ ಅರ್ಥವಾಗಿತ್ತು. ಒಳಗೂ ಒಬ್ಬ ತಾಂಡೇಲನಿದ್ದಾನೆ. ನೀರಿನ ಬಣ್ಣ ನೋಡಿ ಕೈ ಎತ್ತುತ್ತಾನೆ, ಬಲೆ ಬೀಳುತ್ತದೆ. ತನ್ನ ಒಳಗಿನವನು ಕುರುಡನಾದ; ಆಮೇಲೆ ಹೊರಗಿನವನೂ ಕುರುಡನಾದ. ಕುಷ್ಟನಲ್ಲಿ ಇಬ್ಬರಿಗೂ ಕಣ್ಣಿದೆ. ಒಂದೇ ಕಡಲಿನ ಗಾಳಿ, ಒಂದೇ ಕುಚ್ಚಲಕ್ಕಿ ಗಂಜಿ, ಒಂದೇ ಬಿಸಿಲು. ವನಜಳ ಮದುವೆಯಲ್ಲಿ ಇಪ್ಪತ್ತೆರಡು ಹೋಳಿಗೆ ತಿಂದು ಎದ್ದ ಮನುಷ್ಯ. ಸಂಬಳವಿಲ್ಲದೆ, ರಜೆಯಿಲ್ಲದೆ, ಒಬ್ಬ ಆಳು ಅವನ ಹೊಟ್ಟೆಯ ಹಿಂದೆ ನಿಂತು ಅವನು ತಿಂದದ್ದನ್ನೆಲ್ಲ ಬಾಚಿ ಹಾಕುತ್ತಿದ್ದಾನೆ. ಅವನಿಗೆ ಅದು ಗೊತ್ತೂ ಇಲ್ಲ. ಗೊತ್ತಿಲ್ಲದಿರುವುದೇ ಚಂದ್ರನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಈಗ ಚಪ್ಪರದಲ್ಲಿ ಆತ ಬಲೆಯ ಸೂಜಿ ಕೆಳಗಿಟ್ಟು, ಚೀಲದಿಂದ ಸಕ್ಕರೆ ನೋಡುವ ಮಿಷನ್ನು ತೆಗೆದ.

"ಬೆರಳ್ ಕೊಡ್ ಕಾಂಬ."

"ನಂಗ್ ಎಂತಕೆ?"

"ಹೆದ್ರಿಕಿಯಾ?"

"ಹೆದ್ರಿಕಿ ಎಂತದ್ದ್. ಕುತ್ತಿ." ಕುಷ್ಟ ಕೈಯನ್ನು ಬಟ್ಟೆಯಲ್ಲಿ ಒರೆಸಿ ಎಡಗೈಯ ಬೆರಳು ಚಾಚಿದ.

ಚಂದ್ರ ಕ್ರಮ ತಪ್ಪಲಿಲ್ಲ. ಸ್ಪಿರಿಟ್ಟು ಹತ್ತಿಯಿಂದ ಬೆರಳಿನ ತುದಿಯನ್ನು ಒಮ್ಮೆ ಉಜ್ಜಿದ, ಆರಲು ಬಿಟ್ಟ, ಚುಚ್ಚಿದ. ರಕ್ತದ ಹನಿಯನ್ನು ಪಟ್ಟಿಗೆ ತಾಗಿಸಿದ. ಐದು ಎಣಿಸಿದ. ಕಾಯಿಲೆ ಇಲ್ಲದವರ ಮಿತಿಯಾದ ನೂರ ನಲವತ್ತನ್ನು ದಾಟಲಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಅವನಿಗೇ ಕೇಳಿಸಿತು. ಮಿಷನ್ನನ್ನು ಮೂಗಿನ ಹತ್ತಿರ ಹಿಡಿದ. ಮುನ್ನೂರ ನಲವತ್ತೆಂಟು.

"ಎಷ್ಟ್ ಭಾವ?"

ಚಂದ್ರ ಇನ್ನೊಮ್ಮೆ ನೋಡಿದ. ಎದೆಯೊಳಗೆ ಹದಿನಾರು ವರ್ಷ ಬಿಗಿದಿದ್ದ ಒಂದು ಹಗ್ಗ ಮೆಲ್ಲನೆ ಸಡಿಲವಾಯಿತು. ಅದಕ್ಕೆ ಸಂತೋಷ ಎಂಬ ಹೆಸರು ಕೊಡಲು ಆತನಿಗೆ ನಾಚಿಕೆಯಾಗಲಿಲ್ಲ.

"ಮುನ್ನೂರ ನಲ್ವತ್ತೆಂಟ್."

"ಅದ್ ಜಾಸ್ತಿಯಾ?"

"ನಂಗೆ ಶುರುವಿಗ್ ಇದ್ದಿದ್ದ್ ಇನ್ನೂರ ತೊಂಬತ್ತ್."

ಕುಷ್ಟ ಕೈಯಲ್ಲಿದ್ದ ಸೊಳೆಯನ್ನು ಚೀಲದ ಮೇಲೆ ಇಟ್ಟ. "ಯಾರಿಗೂ ಹೇಳ್ಬೇಡಿ ಭಾವ," ಎಂದ. "ವನಜಂಗೂ ಬ್ಯಾಡ. ಉಪಕೇಂದ್ರಕ್ ಹೋದ್ರೆ ಸಂಜಿ ಒಳ್ಗ್ ಊರಿಗೆಲ್ಲ ಗೊತ್ತಾತ್ತ್. ಮೂವತ್ತೆಂಟ್ ಜನ ಎಂತ ಅಂಬ್ರ್? ಇವ್ನ ಕಣ್ಣೂ ಹೋಯ್ತ್ ಅಂಬ್ರ್." ಆಡಿದ ಮೇಲೆ ಮಾತಿನ ಭಾರ ತಿಳಿದು ತಲೆ ತಗ್ಗಿಸಿದ. "ತಪ್ಪ್ ತಿಳ್ಕಂಬೇಡಿ. ನಂಗ್ ಡಾಕ್ಟ್ರ್ ನೀವೇ. ಎಂತ ಮಾಡ್ಕ್ ಅಂದ್ ಹೇಳಿ, ಮಾಡ್ತೆ."

ಮೂರು ವರ್ಷದಲ್ಲಿ ಕುಷ್ಟ ಅವನನ್ನು ಏನು ಮಾಡಬೇಕು ಎಂದು ಕೇಳಿದ್ದು ಅದೇ ಮೊದಲು.

ಚಂದ್ರನ ಮನೆಯ ಕಪಾಟಿನಲ್ಲಿ ಹಳೆಯ ಮಾತ್ರೆಯ ಆರು ಪಟ್ಟಿ ಉಳಿದಿದ್ದವು. ಚುಚ್ಚು ಶುರುವಾದಾಗ ನಿಲ್ಲಿಸಿದ್ದು. ಅವಧಿ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಒಂದು ಪಟ್ಟಿ ಕೊಟ್ಟ. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು. ಗಂಜಿ ಎರಡು ಬಟ್ಟಲಿದ್ದದ್ದು ಮುಕ್ಕಾಲು ಬಟ್ಟಲು. ಹಲಸು, ಮಾವು, ಬೆಲ್ಲದ ಚಾ ಇಲ್ಲ. ಬೆಳಕು ಹರಿಯುವಾಗ ಮರಳಿನಲ್ಲಿ ನಾಲ್ಕು ಸಾವಿರ ಹೆಜ್ಜೆ.

ಕುಷ್ಟ ಚಾಚೂ ತಪ್ಪದೆ ನಡೆದುಕೊಂಡ. ಪ್ರತಿ ಬೆಳಿಗ್ಗೆ ದೋಣಿಗಳ ಹತ್ತಿರ ಬಂದು ಕಾಯುತ್ತಿದ್ದ. ಇಬ್ಬರೂ ತೆರೆ ಬಿಟ್ಟುಹೋದ ಗಟ್ಟಿ ಮರಳಿನ ಮೇಲೆ ದಕ್ಷಿಣಕ್ಕೆ ನಡೆಯುತ್ತಿದ್ದರು. ಚಂದ್ರ ಹೇಳುತ್ತಿದ್ದ, ಕುಷ್ಟ ಕೇಳುತ್ತಿದ್ದ. ಕಾಲಿನ ಗಾಯ ಹೇಗೆ ನೋಡಿಕೊಳ್ಳಬೇಕು, ಯಾವ ಮೀನು ಆಗುತ್ತದೆ, ಮದುವೆ ಮನೆಯಲ್ಲಿ ಪಾಯಸ ಬಡಿಸುವವನು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಹೇಗೆ. ಬಹಳ ವರ್ಷಗಳ ಮೇಲೆ ಚಂದ್ರನಿಗೆ ಹಸಿವು ಒಂಟಿಯಾಗಿ ಕಾಡಲಿಲ್ಲ.

"ಎಂತ, ಭಾವ-ಭಾವ ಈಗ್ ಹೊಸ್ತಾಯ್ ಮದಿ ಆದರ್ ಕಣಗೆ ತಿರ್ಗತ್ರಿ?" ಎಂದು ಹೆಂಡತಿ ಸುಗುಣ ಕೆಣಕಿದಳು. "ನನ್ನ್ ಒಟ್ಟಿಗ್ ಬೈಂದೂರ್ ಪ್ಯಾಟಿಗ್ ಬಪ್ಪುಕೆ ಮಾತ್ರ ಕಾಲ್ ನೋವಾತ್ತ್."

ನಾಲ್ಕನೆಯ ದಿನ ಕುಷ್ಟ ನಡುವೆ ನಿಂತು ಹಣೆ ಒರೆಸಿದ. "ಭಾವ, ಹೊತ್ತ್ ಏರ್ತ್ಲೇ ಕೈ ಕಾಲ್ ನಡ್ಗತ್ತ್. ಬೆಗ್ರ್ ಬತ್ತ್. ಎಂತದ್ದೊ ಒಂದ್ ಸಿಕ್ರೆ ನುಂಗುವಾ ಅಂಬಷ್ಟ್ ಹಶು."

ಆ ನಡುಕ ಏನೆಂದು ಚಂದ್ರನಿಗೆ ತಿಳಿಯದ್ದಲ್ಲ. ಚುಚ್ಚು ಹೆಚ್ಚಾದ ದಿನ ತನಗೂ ಬರುತ್ತದೆ; ಅದಕ್ಕೆಂದೇ ಆತ ಮಡಿಲಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟುಕೊಳ್ಳುತ್ತಾನೆ. ಆದರೆ ಮುನ್ನೂರ ನಲವತ್ತೆಂಟು ಇದ್ದವನಿಗೆ ಒಂದು ಮಾತ್ರೆಯಲ್ಲಿ ಅದು ಬರಲಾರದು ಎಂದು ಲೆಕ್ಕ ಹಾಕಿದ. "ಶುರುವಿಗ್ ಹಾಂಗೇ," ಎಂದ.

ಅದೇ ಸಂಜೆ ವನಜ ಬಂದು ಅಣ್ಣನ ಅಂಗಳದಲ್ಲಿ ನಿಂತಳು. "ಅಣ್ಣ, ಇವ್ರಿಗ್ ಎಂತ ಆಯ್ತ್? ಗಂಜಿ ಬ್ಯಾಡ ಅಂಬ್ರ್, ಹಣ್ಣ್ ಬ್ಯಾಡ ಅಂಬ್ರ್. ಕೇಂಡ್ರೆ ನಿಮ್ಮ್ ಹೆಸ್ರ್ ಹೇಳ್ತ್ರ್."

"ವಯಸ್ಸಾಯ್ತಲೆ. ಹೊಟ್ಟಿ ಬಪ್ಪುಕೆ ಶುರು ಆಯ್ತ್, ಕಮ್ಮಿ ಮಾಡ್ತ ಅಷ್ಟೆ."

"ನಿಮ್ಮ್ ಒಟ್ಟಿಗಿದ್ರೆ ನಂಗ್ ಹೆದ್ರಿಕಿ ಇಲ್ಲೆ ಬಿಡಿ," ಎಂದು ಅವಳು ತಿರುಗಿ ಹೋದಳು.

ಐದನೆಯ ದಿನ ಬೆಳಿಗ್ಗೆ, ನಡಿಗೆಗೆ ಮುಂಚೆ, ಕುಷ್ಟ ತಾನಾಗಿ ಬೆರಳು ಚಾಚಿದ. ಆಗಷ್ಟೇ ಹಲ್ಲುಜ್ಜಿ ಮುಖ ತೊಳೆದು ಬಂದವನ ಕೈ ತಣ್ಣಗಿತ್ತು. ಚಂದ್ರ ಚುಚ್ಚಿ, ಐದು ಎಣಿಸಿ, ಮಿಷನ್ನನ್ನು ಮೂಗಿಗೆ ಹಿಡಿದ.

ಎಪ್ಪತ್ತನಾಲ್ಕು.

ಹದಿನಾರು ವರ್ಷದಲ್ಲಿ ಖಾಲಿ ಹೊಟ್ಟೆಯಲ್ಲಿ ಆ ಅಂಕೆ ಅವನ ಬೆರಳಿಗೆ ಒಮ್ಮೆಯೂ ಬಂದಿರಲಿಲ್ಲ. ಮೊದಲು ಅವನಿಗೆ ತೋರಿದ್ದು ಇಷ್ಟೇ: ತನಗೆ ಹದಿನೈದು ವರ್ಷ ಕೆಲಸ ಮಾಡದ ಮಾತ್ರೆ ಇವನಿಗೆ ನಾಲ್ಕು ದಿನದಲ್ಲಿ ಕೆಲಸ ಮಾಡಿದೆ. ಕಾಯಿಲೆಯಲ್ಲೂ ಇವನು ತನಗಿಂತ ಮುಂದೆ. ಇವನ ಒಳಗಿನವನು ಕುರುಡನಾಗಿಲ್ಲ, ಒಂದು ಗಳಿಗೆ ರೆಪ್ಪೆ ಮುಚ್ಚಿದ್ದ, ಅಷ್ಟೆ; ತಟ್ಟಿದ ಕೂಡಲೆ ಎದ್ದು ನಿಂತ. ನಾಳೆ ಇವನು ಗಂಜಿ ಉಣ್ಣುತ್ತಾನೆ. ನಾಡಿದ್ದು ಹಲಸು ತಿನ್ನುತ್ತಾನೆ. ಆಚೆ ನಾಡಿದ್ದು ದೋಣಿಯ ಮೂತಿಯಲ್ಲಿ ನಿಲ್ಲುತ್ತಾನೆ. ದೋಣಿಗಳ ಹತ್ತಿರ ಬೆಳಿಗ್ಗೆ ಕಾಯುವವರು ಯಾರೂ ಇರುವುದಿಲ್ಲ.

"ಎಷ್ಟ್?" ಎಂದ ಕುಷ್ಟ. ಅವನಿಗೆ ಕಡಲಿನಾಚೆಯದು ಕಾಣುತ್ತದೆ. ಅಂಗೈಯಲ್ಲಿರುವ ಅಂಕೆ ಕಾಣುವುದಿಲ್ಲ. ಕನ್ನಡಕ ಮಾಡಿಸಿಕೊಂಡಿರಲಿಲ್ಲ.

"ನೂರ ತೊಂಬತ್ತ್," ಎಂದ ಚಂದ್ರ.

"ಖಾಲಿ ಹೊಟ್ಟಿಯಂಗಾ?"

"ಹ್ಞೂಂ."

ಕುಷ್ಟ ಬೆರಳು ಒತ್ತಿ ಹಿಡಿದ. "ಇಷ್ಟ್ ಮಾಡಿಯೂ ನೂರ ತೊಂಬತ್ತ್. ಹಂಗಾರೆ ಎರ್ಡ್ ಮಾತ್ರಿ ತಕಂತೆ."

ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಚಂದ್ರ ಮಿಷನ್ನಿನ ಪಟ್ಟಿ ಕಿತ್ತು ಮರಳಿನಲ್ಲಿ ಹೂಳುತ್ತ ಕೂತ. ಕುಷ್ಟ ಆ ಮೌನವನ್ನು ಒಪ್ಪಿಗೆ ಎಂದು ತಿಳಿದ.

"ಇನ್ನೊಂದ್ ವಿಷ್ಯ. ಈ ಸಲ ಸಮುದ್ರ ಪೂಜಿ ದಿನ ನಾ ತಾಂಡೇಲ್ಕಿ ಬಿಡ್ತೆ. ನಾ ಒಂದಿನ ಎಲ್ಲೊ ತಪ್ಪಿ ಕೈ ಎತ್ತಿ, ಜನ ಮೋರಿ ತಿರ್ಗ್ಸಿ, ಆಮೇಲೆ ಬಿಡುದಕ್ಕಿಂತ ಈಗಳೇ ಬಿಟ್ರೆ ಮರ್ವಾದಿ ಅಲ್ದಾ ಭಾವ?"

ಮೋರೆ ತಿರುಗಿಸಿದ ಜನರಲ್ಲಿ ಮೂರು ವರ್ಷದ ಹಿಂದೆ ಕುಷ್ಟ ಇದ್ದನೋ ಇಲ್ಲವೋ, ಚಂದ್ರನಿಗೆ ನೆನಪಾಗಲಿಲ್ಲ. "ನಿನ್ನ್ ಇಷ್ಟ," ಎಂದ. ಅಂದು ಅವರು ನಾಲ್ಕು ಸಾವಿರದ ಬದಲು ಐದು ಸಾವಿರ ಹೆಜ್ಜೆ ನಡೆದರು.

ಎಂಟನೆಯ ದಿನ ಚಂದ್ರ ತನ್ನ ಇನ್ಸುಲಿನ್ ತರಲು ಉಪಕೇಂದ್ರಕ್ಕೆ ಹೋದ. ಮೂರು ರಾತ್ರಿ ಅವನಿಗೆ ನಿದ್ದೆ ಸರಿಯಾಗಿರಲಿಲ್ಲ. ಕೂಡಿದರೂ ಕಳೆದರೂ ಎಪ್ಪತ್ತನಾಲ್ಕು ಒಂದು ಕಡೆಗೂ ಕೂರುತ್ತಿರಲಿಲ್ಲ. ಶ್ರೀಲತಾ ಪುಸ್ತಕದಲ್ಲಿ ಬರೆಯುತ್ತಿದ್ದಾಗ ಆತ ಬೇರೆ ಯಾರದೋ ಸಂಗತಿ ಎಂಬಂತೆ ಕೇಳಿದ.

"ಮುನ್ನೂರ ನಲ್ವತ್ತೆಂಟ್ ಇದ್ದದ್ದ್ ಒಂದ್ ಮಾತ್ರಿಯಂಗೆ ನಾಕ್ ದಿನಕ್ ಎಪ್ಪತ್ನಾಕ್ ಆಪ್ದ್ ಇತ್ತಾ?"

"ಯಾರಿಗ್?"

"ಒಬ್ರಿಗ್."

"ಆಪ್ದ್ ಕಷ್ಟ. ಮೊದ್ಲಿನ್ ಲೆಕ್ಕವೇ ತಪ್ಪಿರ್ಕ್." ಅವಳು ಪೆನ್ನು ಇಟ್ಟಳು. "ಕುತ್ತುಕಿಂತ ಮುಂಚೆ ಕೈ ತೊಳ್ದಿರಾ?"

"ಸ್ಪಿರಿಟ್ಟಂಗೆ ಒರ್ಸಿದೆ."

"ಕೈಯಂಗ್ ಎಂತ ಇದ್ದಿತ್?"

"ಹಲ್ಸಿನಹಣ್ಣ್ ಕೊಯ್ದಿದ್ದ. ಎಣ್ಣಿ ಹಚ್ಕಂಡಿದ್ದ."

ಶ್ರೀಲತಾ ನಕ್ಕುಬಿಟ್ಟಳು. "ಅಯ್ಯ ಚಂದ್ರಣ್ಣ, ನೀವ್ ಕಂಡದ್ದ್ ಹಲ್ಸಿನಹಣ್ಣಿನ್ ಸಕ್ರಿ, ಅವ್ರ್ ಸಕ್ರಿ ಅಲ್ಲ. ಎಣ್ಣಿ ಅಡಿಯಂಗ್ ಹಣ್ಣಿನ್ ರಸ ಹಾಂಗೇ ಕೂಕಂಡಿರತ್ತ್. ಸ್ಪಿರಿಟ್ಟಿಗೆಲ್ಲ ಅದ್ ಹೋತಿಲ್ಲೆ. ಸಾಬೂನ್, ನೀರ್ ಬೇಕ್. ಅವ್ರಿಗ್ ಸಕ್ರಿ ಕಾಯ್ಲೆಯೇ ಇಲ್ಲೆ." ಆಮೇಲೆ ಅವಳ ನಗು ನಿಂತಿತು. "ಮಾತ್ರಿ ಅಂದ್ರಿ. ಯಾವ್ ಮಾತ್ರಿ?"

ಚಂದ್ರ ಹೆಸರು ಹೇಳಿದ.

"ಈಗ್ಳೂ ತಕಂತಿದ್ರಾ?"

"ಎರ್ಡ್. ಮೂರ್ ದಿನದಿಂದ."

"ಚಂದ್ರಣ್ಣ, ಆ ಮಾತ್ರಿ ಸಕ್ರಿ ಇತ್ತಾ ಇಲ್ಯಾ ಅಂದ್ ಕಾಂತಿಲ್ಲೆ. ಸೀದಾ ಹೋಯ್ ಆ ಬಾಗ್ಲ್ ಮುಚ್ಚುದೇ. ಬಾಗ್ಲ್ ಮುಚ್ಚ್ರೆ ಇನ್ಸುಲಿನ್ ಬಿಡುದೇ. ನಿಮ್ಮ್ ಗ್ರಂಥಿ ಸೋತದ್ದ್, ಅದಕ್ ಎಷ್ಟ್ ಹೊಡ್ದ್ರೂ ಚೂರ್ ಬಿಡತ್ತ್. ಒಳ್ಳೆ ಗ್ರಂಥಿಗ್ ಕೊಟ್ರೆ ಮೈಯಂಗಿದ್ದ್ ಸಕ್ರಿ ಪೂರಾ ಬಳ್ಕಂಡ್ ಹೋತ್ತ್. ಮನ್ಷ ಹೋತ. ಯಾರ್ ಹೇಳಿ, ಬೇಗ."

ಮೀನೇ ಇಲ್ಲದ ನೀರಿನಲ್ಲಿ ತಾಂಡೇಲನ ಕೈಯನ್ನು ಬೇರೆ ಯಾರೋ ಹಿಡಿದು ಮೇಲೆತ್ತುತ್ತಿದ್ದಾರೆ. ಬಲೆ ಬೀಳುತ್ತಲೇ ಇದೆ. "ಕುಷ್ಟ,"‌ ಎಂದವನೇ ಚಂದ್ರ ಚೀಲ ಅಲ್ಲೇ ಬಿಟ್ಟು ಹೊರಟ.

ಕುಷ್ಟ ಮನೆಯಲ್ಲಿರಲಿಲ್ಲ. ಬೀಸುಬಲೆ ಹಿಡಿದು ಹೊಳೆ ಕಡಲು ಸೇರುವಲ್ಲಿಗೆ ಹೋಗಿದ್ದಾರೆ ಎಂದಳು ವನಜ. ಚಂದ್ರ ಓಡಿದ. ಆ ವಯಸ್ಸಿಗೆ, ಆ ಕಾಲಿಗೆ, ಅದನ್ನು ಓಟ ಎನ್ನುವುದಾದರೆ ಓಡಿದ. ಹೊಳೆಬಾಯಿಯಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಇಬ್ಬರು ಹೆಂಗಸರು ಸೊಂಟಕ್ಕೆ ಕೈ ಕೊಟ್ಟು ನಗುತ್ತಿದ್ದರು.

"ಹ್ವಾಯ್ ಚಂದ್ರಣ್ಣ, ನಿಮ್ಮ್ ಭಾವನ್ ಕಾಣಿ. ಹತ್ತ್ ಗಂಟಿಗೇ ಹಾಕ್ಕಂಡ್ ಬಂದಿರ್ ಕಾಂತ್."

ಕುಷ್ಟ ಮೊಣಕಾಲುದ್ದ ನೀರಿನಲ್ಲಿ ಕೂತಿದ್ದ. ಬೀಸುಬಲೆ ಅವನ ಹೆಗಲಿಗೂ ಕೊರಳಿಗೂ ಸುತ್ತಿಕೊಂಡಿತ್ತು. ಮುಖದಲ್ಲಿ ಬೆವರು ನೀರಿನಂತೆ ಇಳಿಯುತ್ತಿತ್ತು. ಹೊಳೆಯ ನೀರು ಅವನ ಎದೆಯನ್ನು ತಟ್ಟಿ ಕಡಲ ಕಡೆ ಎಳೆಯುತ್ತಿತ್ತು. ಅವನು ಅದಕ್ಕೆ ಏನೋ ಬೈಯುತ್ತಿದ್ದ, ಮಾತಿಗೆ ಮಾತು ತಾಳೆಯಿರಲಿಲ್ಲ. ಚಂದ್ರ ಕಂಕುಳಿಗೆ ಕೈ ಕೊಟ್ಟು ಎಳೆದಾಗ ಕುಷ್ಟ ಅವನ ಎದೆಗೆ ಗುದ್ದಿದ.

"ಬಿಡ್. ಯಾರ್ ನೀನ್?"

"ನಾನ್. ಚಂದ್ರ. ಬಾಯ್ ತೆಗಿ."

ದಡದ ಮರಳಿಗೆ ಒರಗಿಸಿ, ಮಡಿಲ ಪೊಟ್ಟಣ ಹರಿದು, ಸಕ್ಕರೆಯನ್ನು ಅವನ ಕೆನ್ನೆಯ ಒಳಗೆ ಬೆರಳಿನಿಂದ ಉಜ್ಜಿದ. ಕುಷ್ಟ ಒಮ್ಮೆ ಉಗುಳಿದ. ಎರಡನೆಯ ಸಲ ನುಂಗಿದ. ಹೆಂಗಸರ ನಗು ಅಷ್ಟರಲ್ಲಿ ನಿಂತಿತ್ತು. ಶ್ರೀಲತಾಳ ಸ್ಕೂಟರು ಮರಳಿನ ಅಂಚಿಗೆ ಬಂದು ನಿಂತಿತು. ಅವಳು ಬಾಟಲಿಯ ನೀರಿನಿಂದ ಕುಷ್ಟನ ಬೆರಳು ತೊಳೆದು, ಒರೆಸಿ, ಚುಚ್ಚಿ, ಅಂಕೆಯನ್ನು ಗಟ್ಟಿಯಾಗಿ ಓದಿದಳು. ನಲವತ್ತಮೂರು. ಅದು ಸಕ್ಕರೆ ನುಂಗಿದ ಮೇಲಿನ ಲೆಕ್ಕ.

ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ ಸೇರಿಸಿದರು. ಮಾತ್ರೆಯ ಹಿಡಿತ ಒಂದು ಹಗಲು ಒಂದು ಇರುಳು ಬಿಡುವುದಿಲ್ಲ, ಏರಿಸಿದ ಸಕ್ಕರೆ ಮತ್ತೆ ಮತ್ತೆ ಇಳಿಯುತ್ತದೆ ಎಂದು ಗ್ಲೂಕೋಸು ಬಾಟಲಿ ಕಟ್ಟಿದರು. ಊರಿನಲ್ಲಿ ಸಂಜೆಯೊಳಗೆ ಒಂದೇ ಮಾತು: ಚಂದ್ರ ಸಮಯಕ್ಕೆ ಹೋಗದಿದ್ದರೆ ಕುಷ್ಟ ಇರುತ್ತಿರಲಿಲ್ಲ. ಸುಗುಣ ನಾಲ್ಕು ಮನೆಯಲ್ಲಿ ಅದನ್ನು ಹೇಳಿ ಬಂದಳು. ವನಜ ಅಣ್ಣನ ಕಾಲು ಮುಟ್ಟಿದಳು. ಶ್ರೀಲತಾ ಹಲಸಿನ ಸಂಗತಿಯನ್ನು ಕುಷ್ಟನಿಗೆ ತಿಳಿಸಿ, ಕೈ ತೊಳೆಯದೆ ನೋಡಿದ್ದು ತಪ್ಪಾಯಿತು, ಯಾರಿಗೂ ಆಗುವ ತಪ್ಪು ಎಂದಳು. ಎಪ್ಪತ್ತನಾಲ್ಕು ಎಂಬ ಅಂಕೆಯನ್ನು, ಆಮೇಲೂ ಎರಡಾದ ಮಾತ್ರೆಯನ್ನು ಅವಳು ಮರೆತಿರಲಿಲ್ಲ. ಹೋಗುವಾಗ ಚಂದ್ರನ ಮುಖವನ್ನು ಒಮ್ಮೆ ನೋಡಿದಳು, ಅಷ್ಟೆ.

ಮರುದಿನ ಹತ್ತು ಗಂಟೆಗೆ ಕುಷ್ಟ ಮಂಚದ ಮೇಲೆ ಎದ್ದು ಕೂತಿದ್ದ. ವನಜ ಚಾ ತರಲು ಹೊರಗೆ ಹೋದಳು.

"ನೀವ್ ಬರ್ದಿರೆ ನಾ ಕಡ್ಲಿಗೇ ಭಾವ," ಎಂದ ಕುಷ್ಟ. "ಮೇಣದ್ ಕೈಗ್ ನೀರ್ ತಾಗ್ಸದವ್ರ್ ನಾವ್. ನಿಮ್ದೊಂದ್ ತಪ್ಪಲ್ಲ, ನಂದೂ ಹೌದ್. ಅದ್ ಆಯ್ತ್, ಮುಗಿತ್."

ಚಂದ್ರ ಸ್ಟೂಲಿನ ಮೇಲೆ ಕೂತು ತನ್ನ ಎರಡು ಅಂಗೈ ನೋಡಿಕೊಳ್ಳುತ್ತಿದ್ದ. ಹೇಳದಿದ್ದರೆ ನಡೆಯುತ್ತಿತ್ತು. ಎಲ್ಲ ಲೆಕ್ಕವೂ ಅವನ ಪರವಾಗಿ ಮುಗಿದಿತ್ತು.

"ಐದ್ನೇ ದಿನ ಕಂಡಿದ್ನಲೆ. ನಾ ನಿಂಗ್ ಹೇಳದ್ದ್ ನೂರ ತೊಂಬತ್ತ್. ಇದ್ದದ್ದ್ ಎಪ್ಪತ್ನಾಕ್."

ಬಾಟಲಿಯಿಂದ ಹನಿಗಳು ಬೀಳುತ್ತಿದ್ದವು. ಕುಷ್ಟ ನಿಧಾನವಾಗಿ, ಒಂದೊಂದೇ ಮಾತು ಆರಿಸಿದಂತೆ, ಹೇಳಿದ: "ನಿಮ್ಗೆ ಕಣ್ಣ್ ಮಬ್ಬ್ ಅಲ್ದಾ. ತಪ್ಪ್ ಕಂಡಿರ್ಕ್."

ಚಂದ್ರ ತಲೆ ಎತ್ತಿದ. ಕುಷ್ಟ ಅವನ ಮುಖವನ್ನೇ ನೋಡುತ್ತಿದ್ದ. ಹೌದು ಎಂಬ ಒಂದು ಮಾತಿಗಾಗಿ ಕಾಯುತ್ತಿದ್ದ. ಇಷ್ಟು ವರ್ಷ ಆ ಮಬ್ಬನ್ನು ಯಾರು ಎತ್ತಿ ಆಡಿದರೂ ಚಂದ್ರನಿಗೆ ಉರಿಯುತ್ತಿತ್ತು. ಈಗ ಅದನ್ನೇ ಕುಷ್ಟ ಮಡಿಸಿದ ಶಾಲಿನಂತೆ ಎರಡೂ ಕೈಯಲ್ಲಿ ಚಾಚಿದ್ದ.

"ಇಲ್ಲೆ," ಎಂದ ಚಂದ್ರ. "ಸಮಾ ಕಂಡಿತ್."

ಕುಷ್ಟನ ಮುಖದಲ್ಲಿ ಏನೂ ಕದಲಲಿಲ್ಲ. "ಎಂತಕೆ?" ಎಂದ.

ಚಂದ್ರನಿಗೆ ಹೇಳಲು ಬಹಳ ಇತ್ತು. ಇಪ್ಪತ್ತೆರಡು ಹೋಳಿಗೆ, ಹದಿನೈದು ಸೊಳೆ, ದೋಣಿಯ ಮೂತಿ, ಬೆಳಗಿನ ಮರಳು. ಅವುಗಳಲ್ಲಿ ಯಾವುದನ್ನೂ ಬಾಯಿಗೆ ತರುವಂತಿರಲಿಲ್ಲ. "ನಿಂಗ್ ಎಪ್ಪತ್ನಾಕ್ ಇದ್ದಿತ್," ಎಂದ. "ಅದಕ್ಕೆ."

ವನಜ ಎರಡು ಲೋಟ ಹಿಡಿದು ಬಂದಳು. ಅಣ್ಣನದು ಸಕ್ಕರೆ ಇಲ್ಲದ್ದು ಎಂದು ಗುರುತಿಗೆ ಮೇಲೆ ಕಾಗದ ಮುಚ್ಚಿದ್ದಳು. ಕುಷ್ಟ ತನ್ನ ಲೋಟ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತ. ಚಾ ಮುಗಿದ ಮೇಲೂ ಅವನು ತಿರುಗಲಿಲ್ಲ. ಚಂದ್ರ ಎದ್ದು ಬಸ್ಸು ಹಿಡಿದು ಊರಿಗೆ ಬಂದ.

ಕುಷ್ಟ ಮನೆಗೆ ಬಂದದ್ದು ವನಜಳಿಂದ ತಿಳಿಯಿತು. ಮೂರು ದಿನ ಬಲೆ ಚಪ್ಪರಕ್ಕೆ ಅವನು ಚಂದ್ರ ಇಲ್ಲದ ಹೊತ್ತಿಗೆ ಬಂದು ತನ್ನ ಬದಿಯ ಹರಕನ್ನು ಹೆಣೆದು ಹೋಗುತ್ತಿದ್ದ. ಚಂದ್ರನ ಬದಿಯಲ್ಲಿ ತಪ್ಪಿದ್ದ ಕಣ್ಣುಗಳನ್ನು ಅವನು ಮುಟ್ಟಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಚಂದ್ರ ದೋಣಿಗಳ ಹತ್ತಿರ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಮಳೆ ಬಿಟ್ಟು ಹೊಳವಾಗಿತ್ತು. ಆತ ಗಟ್ಟಿ ಮರಳಿಗೆ ಇಳಿದು ದಕ್ಷಿಣಕ್ಕೆ ನಡೆಯತೊಡಗಿದ. ಇನ್ನೂರು ಹೆಜ್ಜೆಯಾದ ಮೇಲೆ ಮುಂದೆ ನೀರಿನಂಚಿನಲ್ಲಿ ಒಂದು ಆಕೃತಿ ಇದ್ದಂತೆ ಕಂಡಿತು. ಕಾಲ ಬಳಿಯ ಮರಳಿನಲ್ಲಿ ಮೂಡಿದ್ದ ಹೆಜ್ಜೆಯಿಂದ ಗುರುತು ಹತ್ತಿತು; ಎಡಗಾಲನ್ನು ಒಂದಿಷ್ಟು ಹೊರಕ್ಕೆ ಎಸೆಯುವ ಕುಷ್ಟನ ಹೆಜ್ಜೆ. ನಡೆಯಬೇಕಾದ ಯಾವ ಕಾರಣವೂ ಅವನಿಗೆ ಈಗ ಇರಲಿಲ್ಲ. ಚಂದ್ರ ಕರೆಯಲಿಲ್ಲ. ಹೆಜ್ಜೆ ಬೀಸಾಗಿಸಿದ, ಅಂತರ ಕಡಿಮೆಯಾಗಲಿಲ್ಲ. ನಿಧಾನಿಸಿದ, ಹೆಚ್ಚಲೂ ಇಲ್ಲ. ಒಂದು ಸಾವಿರದ ಆರುನೂರನೆಯ ಹೆಜ್ಜೆಗೆ ಉಸಿರು ಕಟ್ಟಿ, ಮೊಣಕಾಲಿನ ಮೇಲೆ ಕೈಯೂರಿ ನಿಂತ. ತೆರೆ ಬಂದು ಪಾದ ತೊಯ್ಯಿಸಿ ಹೋಯಿತು. ತಲೆಯೆತ್ತಿದಾಗ ಆಕೃತಿ ಅಷ್ಟೇ ದೂರದಲ್ಲಿ, ಅಷ್ಟೇ ದೊಡ್ಡದಾಗಿತ್ತು. ಅವನು ನಿಂತಿದ್ದಾನೋ, ನಡೆಯುತ್ತಿದ್ದಾನೋ, ಆ ಕಣ್ಣಿಗೆ ಅಷ್ಟು ದೂರದ್ದು ತಿಳಿಯುವಂತಿರಲಿಲ್ಲ. ಚಂದ್ರ ಬೆನ್ನು ನೇರ ಮಾಡಿ ಒಂದು ಸಾವಿರದ ಆರುನೂರ ಒಂದು ಎಂದುಕೊಂಡ.